ಯಾರ್ಕ್‌ಟೌನಿನಲ್ಲಿ ಸೋತವನು ಬೆಂಗಳೂರಿಗೆ ಬಂದ, ನಿಮ್ಮ ಶಾಲೆ ಹೇಳಿತೇ?

ಕನ್ನಡದ ತರುಣರೇ,

ಯಶವಂತಪುರದ ನಮ್ಮ ಪ್ರೆಸ್ಸಿಗೆ ಒಂದು ಖಾಸಗಿ ಶಾಲೆಯ ವಾರದ ಪಾಠಪಟ್ಟಿ ಅಚ್ಚಿಗೆ ಬಂತು. ಮಾಧ್ಯಮಿಕ ತರಗತಿಯದು. ಸೋಮವಾರ ಬಾಸ್ಟನ್ನಿನ ಚಹಾ ದಂಗೆ, ಮಂಗಳವಾರ ಇಂಗ್ಲಿಷ್ ವ್ಯಾಕರಣ, ಬುಧವಾರ ಜಾರ್ಜ್ ವಾಷಿಂಗ್ಟನ್, ಗುರುವಾರ ಇಂಗ್ಲಿಷ್ ಪ್ರಬಂಧ, ಶುಕ್ರವಾರ ಯಾರ್ಕ್‌ಟೌನ್ ಯುದ್ಧ. ಕನ್ನಡ? ಶನಿವಾರ ಕೊನೆಯ ಒಂದೇ ಪೀರಿಯಡ್!

ಅಮೆರಿಕದ ಚರಿತ್ರೆ ಓದಲೇಬಾರದು ಎನ್ನುವ ಬಾವಿಯ ಕಪ್ಪೆ ನಾನಲ್ಲ. ಓದಲಿ. ಆದರೆ ಪೂರ್ತಿ ಓದಲಿ!

1773ರಲ್ಲಿ ಬಾಸ್ಟನ್ ಬಂದರಿನಲ್ಲಿ ಸಮುದ್ರಕ್ಕೆ ಸುರಿದ ಚಹಾ ಯಾರದು? ಈಸ್ಟ್ ಇಂಡಿಯಾ ಕಂಪನಿಯದು. ಮೈಸೂರಿನ ಜೊತೆ ನಾಲ್ಕು ಯುದ್ಧ ಮಾಡಿದ ಅದೇ ಕಂಪನಿ! 1781ರಲ್ಲಿ ಯಾರ್ಕ್‌ಟೌನಿನಲ್ಲಿ ಯಾರ ಸೈನ್ಯ ಶರಣಾಯಿತು? ಕಾರ್ನ್‌ವಾಲಿಸನದು. 1791ರ ಮಾರ್ಚ್ 21ರ ರಾತ್ರಿ ಬೆಂಗಳೂರು ಕೋಟೆಯ ಗೋಡೆ ಒಡೆದು ನುಗ್ಗಿದ್ದೂ ಅದೇ ಕಾರ್ನ್‌ವಾಲಿಸನ ಸೈನ್ಯ. ಕೋಟೆ ಕಾಯುತ್ತಲೇ ಮಡಿದ ಕಿಲ್ಲೇದಾರ ಬಹಾದೂರ್ ಖಾನ್. ಆ ಕೋಟೆಯ ಉಳಿದ ತುಂಡು ಇವತ್ತೂ ಕೆ.ಆರ್. ಮಾರುಕಟ್ಟೆಯ ಹತ್ತಿರ ನಿಂತಿದೆ. 1782ರಲ್ಲಿ ಡೆಲಾವೇರ್ ಕೊಲ್ಲಿಯಲ್ಲಿ ಇಂಗ್ಲಿಷರ ಹಡಗನ್ನು ಸೆರೆಹಿಡಿದ ಅಮೆರಿಕದ ನೌಕೆಯ ಹೆಸರೇನು ಗೊತ್ತೇ? 'ಹೈದರ್ ಆಲಿ'! ಫಿಲಡೆಲ್ಫಿಯಾದವರಿಗೆ ಅಂದು ಗೊತ್ತಿದ್ದ ಮೈಸೂರು, ಆರ್.ಟಿ. ನಗರದ ನಮ್ಮ ಮಕ್ಕಳಿಗೆ ಇಂದು ಗೊತ್ತಿಲ್ಲ. ಇದಕ್ಕೆ ವಿದ್ಯೆ ಎನ್ನಬೇಕೇ?

ಇನ್ನೊಂದು ಪಾಠವನ್ನೂ ಈ ಶಾಲೆಗಳು ನುಂಗಿಹಾಕುತ್ತವೆ. ಯುದ್ಧ ಮುಗಿದ 1783ರಲ್ಲೇ ನೋವಾ ವೆಬ್‌ಸ್ಟರ್ ಎಂಬ ಮೇಷ್ಟ್ರು ಅಮೆರಿಕದ ಮಕ್ಕಳಿಗೆಂದೇ ಕಾಗುಣಿತದ ಪುಸ್ತಕ ಅಚ್ಚು ಹಾಕಿಸಿದ. 1828ರಲ್ಲಿ ನಿಘಂಟನ್ನೇ ತಂದ. ಆಳಿದವರ ಭಾಷೆಯನ್ನೂ ತಮ್ಮ ನೆಲಕ್ಕೆ ಒಗ್ಗಿಸಿಕೊಂಡ ಜನ ಅವರು. ನಾವೋ, ನಮ್ಮದೇ ನುಡಿಯನ್ನು ಶನಿವಾರದ ಮೂಲೆಗೆ ತಳ್ಳಿದ ಜನ!

ಹೆಬ್ಬಾಳದ ಮೇಲ್ಸೇತುವೆ ಮೇಲೆ ಶಾಲಾ ಬಸ್ಸುಗಳು ದಿನವೂ ಓಡುತ್ತವೆ. ಅದೇ ಹೆಬ್ಬಾಳದಲ್ಲಿ 2018ರಲ್ಲಿ ಚರಂಡಿ ಅಗೆಯುವಾಗ ಸುಮಾರು ಕ್ರಿ.ಶ. 750ರ ಕನ್ನಡ ಶಾಸನ ಸಿಕ್ಕಿತು. ಗಂಗರ ಶ್ರೀಪುರುಷನ ಕಾಲದ್ದು. ಹೋರಾಡಿ ಮಡಿದ ಕಿತ್ತಯ್ಯನ ವೀರಗಲ್ಲು. ವಾಷಿಂಗ್ಟನ್ ಹುಟ್ಟುವುದಕ್ಕೆ ಸುಮಾರು ಸಾವಿರ ವರ್ಷ ಮೊದಲೇ ಇಲ್ಲಿ ಕನ್ನಡ ಕಲ್ಲಿನ ಮೇಲಿತ್ತು! ಬಸ್ಸಿನಲ್ಲಿ ಕೂತ ಎಷ್ಟು ಮಕ್ಕಳಿಗೆ ಇದನ್ನು ಹೇಳಿದ್ದಾರೆ? ಯಲಹಂಕದ ನಾಡಪ್ರಭುಗಳು ಯಾರೆಂದು ಕೇಳಿದರೆ ವಿಮಾನ ನಿಲ್ದಾಣದ ಹೆಸರು ಹೇಳಿ ಸುಮ್ಮನಾಗುತ್ತಾರೆ.

1982ರಲ್ಲಿ ಗೋಕಾಕ್ ವರದಿಗಾಗಿ ಡಾ. ರಾಜ್‌ಕುಮಾರ್ ಬೀದಿಗಿಳಿದರು, ನಾಡೇ ಎದ್ದಿತು. 1994ರಲ್ಲಿ ಸರ್ಕಾರ ನಾಲ್ಕನೇ ತರಗತಿವರೆಗೆ ಮಾತೃಭಾಷಾ ಮಾಧ್ಯಮ ಎಂದಿತು. 2014ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ, ಮಾಧ್ಯಮದ ಆಯ್ಕೆ ತಂದೆತಾಯಿಗಳದ್ದು ಎಂದಿತು. ಅಲ್ಲಿಗೆ ಹೋರಾಟ ವಿಧಾನಸೌಧದ ಮುಂದಿನಿಂದ ನಿಮ್ಮ ಮನೆಯೊಳಕ್ಕೆ ಬಂತು. ನಾಳೆ ತಂದೆತಾಯಿ ಆಗುವವರು ನೀವೇ! ಕನ್ನಡವನ್ನು ಒಂದು ಭಾಷೆಯಾಗಿ ಕಲಿಸಲೇಬೇಕು ಎಂದು 2015ರಲ್ಲಿ ನಮ್ಮ ಶಾಸನಸಭೆ ಕಾಯ್ದೆ ಮಾಡಿತು. ಸಿಬಿಎಸ್‌ಇ, ಐಸಿಎಸ್‌ಇ ಶಾಲೆಗಳನ್ನೂ ಅದರೊಳಗೆ ತಂದಿತು. ಕಾಯ್ದೆ ಕಾಗದದ ಮೇಲಿದ್ದರೆ ಯಾರಿಗೆ ಲಾಭ?

ಕಲ್ಲು ಬೇಡ, ಬೈಗುಳ ಬೇಡ. ನಿಮ್ಮ ತಮ್ಮ ತಂಗಿಯರ ಶಾಲೆಗೆ ಹೋಗಿ, ವೇಳಾಪಟ್ಟಿ ನೋಡಿ, ಮೂರು ಮಾತು ಕೇಳಿ. ವಾರಕ್ಕೆ ಕನ್ನಡ ಎಷ್ಟು ಪೀರಿಯಡ್? ಕಲಿಸುವ ಮೇಷ್ಟ್ರು ಇದ್ದಾರೆಯೇ? ಕಿತ್ತಯ್ಯನ ಕಲ್ಲಿಗೆ, ಬೆಂಗಳೂರು ಕೋಟೆಗೆ ಮಕ್ಕಳನ್ನು ಯಾವಾಗ ಕರೆದೊಯ್ಯುತ್ತೀರಿ? ಉತ್ತರವನ್ನು ಬರೆದುಕೊಡಿ ಎನ್ನಿ. ಒಬ್ಬರೇ ಹೋಗಬೇಡಿ, ಬೀದಿಯ ಹತ್ತು ಮನೆಯವರನ್ನು ಕರೆದುಕೊಂಡು ಹೋಗಿ.

ಜೈ ಕನ್ನಡ! ಜೈ ಕರ್ನಾಟಕ!