ನನ್ನ ಕನ್ನಡ ಬರೆಯಲು ಸಾಲದೇ?

ಬರೆಯಬೇಕೆಂಬ ಆಸೆಯಿರುವವರಿಗೆ ನಮ್ಮ ಹೆಬ್ಬಗೋಡಿಯಲ್ಲಿ ವಿಷಯಕ್ಕೆ ಬರವಿಲ್ಲ. ಹೊಸೂರು ರಸ್ತೆಯಲ್ಲಿ ಶಿಫ್ಟ್ ಬಸ್ಸಿಗೆ ಕಾಯುವವರು, ಬೊಮ್ಮಸಂದ್ರದ ಕಾರ್ಖಾನೆಗಳಿಗೆ ಹೊರಟ ಒಡಿಶಾ, ಬಿಹಾರದ ಹುಡುಗರು, ಹೊಲವಿದ್ದ ಜಾಗದಲ್ಲಿ ಸಾಲುಮನೆ ಕಟ್ಟಿಸಿ ಬಾಡಿಗೆ ಎಣಿಸುವ ಹಿರಿಯರು, 2025ರ ಆಗಸ್ಟ್‌ನಿಂದ ಓಡುತ್ತಿರುವ ಹಳದಿ ಮಾರ್ಗದ ಮೆಟ್ರೊ. ಕಣ್ಣು ಬಿಟ್ಟರೆ ಕಥೆ. ಆದರೂ ಪೆನ್ನು ಹಿಡಿದ ಕೈ ನಿಲ್ಲುತ್ತದೆ. ‘ನನ್ನ ಕನ್ನಡ ಬರವಣಿಗೆಗೆ ಲಾಯಕ್ಕೇ?’ ಎಂಬ ಅನುಮಾನವೇ ಅದಕ್ಕೆ ಕಾರಣ.

ನನ್ನ ಮನೆಮಾತು ತೆಲುಗು. ಆನೇಕಲ್ ತಾಲ್ಲೂಕಿನಲ್ಲಿ ಇದೇನೂ ವಿಶೇಷವಲ್ಲ; ಅತ್ತಿಬೆಲೆ ದಾಟಿದರೆ ತಮಿಳುನಾಡು. ಮನೆಯಲ್ಲಿ ಒಂದು ಭಾಷೆ, ಬೀದಿಯಲ್ಲಿ ಎರಡು, ಕೆಲಸದ ಜಾಗದಲ್ಲಿ ಹಿಂದಿ, ಇಂಗ್ಲಿಷ್. ಮಾತಿನ ಭರದಲ್ಲಿ ‘ಹಾಲು’ ಹೋಗಿ ‘ಆಲು’ ಆಗುತ್ತದೆ. ಅದಕ್ಕೆ ಯಾರೋ ನಕ್ಕ ನಗು, ಬರೆಯಲು ಕೂತಾಗ ಕಿವಿಯಲ್ಲಿ ಕೇಳಿಸುತ್ತದೆ. ಆಗ ಉಳಿಯುವುದು ಎರಡೇ ದಾರಿ: ಸುಮ್ಮನಾಗುವುದು, ಇಲ್ಲವೇ ಪಠ್ಯಪುಸ್ತಕದ ಭಾಷೆಯನ್ನು ಸಾಲ ತರುವುದು. ಸಾಲದ ಭಾಷೆಯಲ್ಲಿ ಕಥೆ ಹೆಚ್ಚು ದೂರ ನಡೆಯದು. ನೈಟ್ ಶಿಫ್ಟ್ ಮುಗಿಸಿ ಬಂದ ಹುಡುಗ ‘ನಾನು ಅತೀವವಾಗಿ ಬಳಲಿರುವೆನು’ ಎಂದರೆ ಅವನ ಅಮ್ಮನೇ ನಂಬುವುದಿಲ್ಲ.

ಈ ಅನುಮಾನಕ್ಕೆ ನಮ್ಮ ಸಾಹಿತ್ಯದಲ್ಲೇ ಉತ್ತರವಿದೆ. 1973ರಲ್ಲಿ ಜ್ಞಾನಪೀಠ ಪಡೆದ ಬೇಂದ್ರೆಯವರ ಮನೆಮಾತು ಮರಾಠಿ. 1983ರಲ್ಲಿ ಅದೇ ಪ್ರಶಸ್ತಿ ಪಡೆದ ಮಾಸ್ತಿಯವರದು ತಮಿಳು; ಅವರ ಊರು ನಮಗೆ ದೂರವೇನಲ್ಲ, ಪಕ್ಕದ ಮಾಲೂರು ತಾಲ್ಲೂಕಿನಲ್ಲೇ ಇದೆ. 1984ರ ‘ಕುಸುಮಬಾಲೆ’ಯನ್ನು ದೇವನೂರ ಮಹಾದೇವ ನಂಜನಗೂಡು ಸೀಮೆಯ ಆಡುಮಾತಿನಲ್ಲೇ ಬರೆದರು. ಓದಲು ಕಷ್ಟ ಎಂದವರಿದ್ದರೂ 1990ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 2025ರಲ್ಲಿ ಬಾನು ಮುಷ್ತಾಕ್ ಅವರ 12 ಕಥೆಗಳು ದೀಪಾ ಭಾಸ್ತಿಯವರ ಇಂಗ್ಲಿಷ್ ಅನುವಾದದ ಮೂಲಕ ಅಂತರರಾಷ್ಟ್ರೀಯ ಬುಕರ್ ಪ್ರಶಸ್ತಿ ಗೆದ್ದವು. ಉರ್ದು ಮಾತಾಡುವ ಮನೆಗಳ ಬದುಕನ್ನು ಅವರು ಕನ್ನಡದಲ್ಲಿ ಹೇಳಿದ್ದರು. ನಾವು ಕೊರತೆ ಎಂದುಕೊಂಡದ್ದು ಇವರ ಕೈಯಲ್ಲಿ ಬಂಡವಾಳವಾಯಿತು.

ಹಾಗೆಂದು ಕಲಬೆರಕೆಯೆಲ್ಲ ಸಾಹಿತ್ಯ ಎನ್ನುತ್ತಿಲ್ಲ. ಕಾಗುಣಿತ ತಿದ್ದಲೇಬೇಕು, ಅದಕ್ಕೆ ನಿಘಂಟಿದೆ. ಆದರೆ ಬರೆಯುವವನೂ ತಿದ್ದುವವನೂ ಒಂದೇ ಕುರ್ಚಿಯಲ್ಲಿ ಕೂತರೆ ಒಂದು ಸಾಲೂ ಮುಂದೆ ಹೋಗುವುದಿಲ್ಲ. ನಾನು ಅವರಿಬ್ಬರಿಗೂ ಬೇರೆ ಬೇರೆ ಶಿಫ್ಟ್ ಹಾಕಿದ್ದೇನೆ. ವಾರದ ದಿನಗಳಲ್ಲಿ ಕಾಲು ಗಂಟೆ ಬರೆಯುವುದು. ಮೊಬೈಲ್ ಬಿಟ್ಟು ನೋಟ್‌ಬುಕ್ಕಿನಲ್ಲಿ, ಏಕೆಂದರೆ ಅಲ್ಲಿ ಅಳಿಸುವ ಗುಂಡಿ ಇಲ್ಲ. ಅಂದು ಕಿವಿಗೆ ಬಿದ್ದ ಒಂದು ಮಾತನ್ನು, ಆಡಿದವರು ಆಡಿದಂತೆಯೇ, ಮೊದಲ ಸಾಲಾಗಿ ಇಡುವುದು. ತಿದ್ದುವ ಕೆಲಸ ಭಾನುವಾರಕ್ಕೆ. ಆ ಹೊತ್ತಿಗೆ ಸಾಲುಗಳು ನನ್ನವೇ ಅಲ್ಲವೇನೋ ಎನ್ನುವಷ್ಟು ದೂರವಾಗಿರುತ್ತವೆ. ಯಾವುದು ಜೊಳ್ಳು, ಯಾವುದು ಕಾಳು ತಿಳಿಯುತ್ತದೆ. ಅನುಮಾನ ಇನ್ನೂ ಪೂರ್ತಿ ಹೋಗಿಲ್ಲ. ಆದರೆ ಈಗ ಅದಕ್ಕೂ ಭಾನುವಾರ ಮಾತ್ರ ಡ್ಯೂಟಿ.

ಗೆಳೆಯರೇ, ನಮ್ಮೂರಿನ ಬಗ್ಗೆ ಸೈಟಿನ ರೇಟು, ಟ್ರಾಫಿಕ್ಕು, ಕಂಪನಿಗಳ ಸುದ್ದಿ ಸಾಕಷ್ಟು ಬರುತ್ತಿದೆ. ಇಲ್ಲಿನವರು ಹೇಗೆ ಮಾತಾಡುತ್ತಾರೆ, ಯಾವುದಕ್ಕೆ ನಗುತ್ತಾರೆ, ಯಾವ ಮಾತನ್ನು ನುಂಗಿಕೊಳ್ಳುತ್ತಾರೆ ಎಂಬುದು ಬರಬೇಕಾದರೆ ಇಲ್ಲಿನವರೇ ಬರೆಯಬೇಕು. ಕನ್ನಡ ಚೆನ್ನಾಗಿ ಬಂದ ಮೇಲೆ ಬರೆಯೋಣ ಎಂದು ಕಾಯುವುದು ಬೇಡ. ಬರೆಯುತ್ತಾ ಹೋದರೇ ಅದು ಚೆನ್ನಾಗಿ ಬರುವುದು.