ಮೊಟ್ಟೆಗೆ ನೂರು ಮೀಟರ್, ಹೋರ್ಡಿಂಗ್‌ಗೆ ಸೊನ್ನೆ

ಮಕ್ಕಳ ಕಣ್ಣಿಗೆ ಬೀಳಬಾರದ್ದು ನಡುಬೀದಿಯಲ್ಲಿ ನೇತಾಡುತ್ತಿದೆ ಎಂದು ಬಾಯಿಬಿಟ್ಟರೆ ಸಾಕು, ‘ಬೇಡವಾದರೆ ನೋಡಬೇಡಿ’ ಎಂಬ ಉತ್ತರ ತಯಾರಾಗಿಯೇ ಇರುತ್ತದೆ. ಅದರ ಬೆನ್ನಿಗೇ ಇನ್ನೊಂದು: ‘ನೀವು ಕ್ರೈಸ್ತರು ತೀರಾ ಮಡಿವಂತರು.’ ಕರಾವಳಿಯಿಂದ ಬಂದು ಗುಜರಾತಿನಲ್ಲಿ ನೆಲೆಸಿರುವ ನಮ್ಮಂಥ ಕನ್ನಡ ಕ್ರೈಸ್ತ ಕುಟುಂಬಗಳಿಗೆ ಈ ಎರಡೂ ಮಾತು ಕೇಳಿ ಕೇಳಿ ಸಾಕಾಗಿದೆ.

ಈಗಷ್ಟೇ ಅಕ್ಷರ ಕೂಡಿಸಿ ಓದಲು ಕಲಿತ ಮಗುವನ್ನು ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ವಡೋದರದ ಫತೇಗಂಜ್‌ನಿಂದ ಅಲಕಾಪುರಿಯವರೆಗೆ ಹೋಗಿ ನೋಡಿ. ಅಂಗಡಿ ಬೋರ್ಡು, ಬಸ್ಸಿನ ಹಿಂಬದಿ, ಗೋಡೆಬರಹ, ಕಂಡದ್ದನ್ನೆಲ್ಲ ಅದು ಗಟ್ಟಿಯಾಗಿ ಓದುತ್ತದೆ. ಓದಲಾಗದ ಕಡೆ ಚಿತ್ರ ನೋಡುತ್ತದೆ. ಸಿಗ್ನಲ್ಲಿನಲ್ಲಿ ನಿಂತಾಗ ಎದುರಿಗಿರುವುದು ಡಿಯೋಡರೆಂಟಿನದೋ ಒಳಉಡುಪಿನದೋ ಆಳೆತ್ತರದ ಚಿತ್ರವಾದರೆ, ಆ ಅರೆಬೆತ್ತಲೆ ದೇಹದತ್ತ ಬೆರಳು ತೋರಿಸಿ, ಯಾಕೆ ಹಾಗೆ ಮಲಗಿದ್ದಾರೆ ಎಂದು ಕೇಳುತ್ತದೆ. ಮೆಡಿಕಲ್ ಶಾಪಿಗೆ ಕೆಮ್ಮಿನ ಔಷಧಿಗೆಂದು ಹೋದರೆ, ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಐದು ರೂಪಾಯಿ ಚಾಕಲೇಟಿನ ಡಬ್ಬಿ, ಅದಕ್ಕೆ ಒತ್ತಿಕೊಂಡೇ ತಬ್ಬಿ ನಿಂತ ಜೋಡಿಗಳ ಪ್ಯಾಕೆಟ್ಟುಗಳು, ಅದೂ ಆರು ವರ್ಷದ ಮಗುವಿನ ಕಣ್ಣಿನ ಮಟ್ಟಕ್ಕೆ. ‘ನೋಡಬೇಡಿ’ ಎನ್ನುವವರು ಈ ಮಗುವಿಗೆ ಅದನ್ನು ಹೇಗೆ ಹೇಳಬೇಕೆಂದು ಕಲಿಸಿಕೊಡಲಿ.

ಬೀದಿಯ ನೋಟದಿಂದ ಮಕ್ಕಳ ಮನಸ್ಸು ಕೆಡುತ್ತದೆ ಎಂಬ ವಾದವನ್ನು ಗುಜರಾತಿನ ನಗರಪಾಲಿಕೆಗಳು ಒಪ್ಪುವುದಿಲ್ಲವೆ? ಚೆನ್ನಾಗಿಯೇ ಒಪ್ಪುತ್ತವೆ. 2021ರ ನವೆಂಬರ್ ನೆನಪಿಸಿಕೊಳ್ಳಿ. ವಡೋದರದಲ್ಲಿ ಮಾಂಸ, ಮೊಟ್ಟೆ ಮಾರುವವರು ದಾರಿಹೋಕರಿಗೆ ಕಾಣದಂತೆ ಮುಚ್ಚಿಡಬೇಕು ಎಂದು ಪಾಲಿಕೆಯ ಸ್ಥಾಯಿ ಸಮಿತಿ ಅಧ್ಯಕ್ಷರು ತಾಕೀತು ಮಾಡಿದರು. ಅಹಮದಾಬಾದ್ ಪಾಲಿಕೆ ಇನ್ನೂ ಮುಂದೆ ಹೋಗಿ, ಶಾಲೆ, ಕಾಲೇಜು, ದೇವಸ್ಥಾನ, ಉದ್ಯಾನಗಳಿಂದ 100 ಮೀಟರ್ ಒಳಗೆ ಮಾಂಸಾಹಾರದ ಗಾಡಿ ನಿಲ್ಲಕೂಡದು ಎಂದಿತು. ಕೊಟ್ಟ ಕಾರಣಗಳಲ್ಲಿ ಎಳೆಯ ಮಕ್ಕಳ ಮನಸ್ಸಿನ ಮೇಲಾಗುವ ಪರಿಣಾಮವೂ ಒಂದು. ತವೆ, ಗ್ಯಾಸ್ ಸಿಲಿಂಡರ್ ಸಮೇತ ಬಡವರ ತಳ್ಳುಗಾಡಿಗಳನ್ನು ಎತ್ತಿಕೊಂಡು ಹೋದರು. ಸಂಜೆ ಎರಡು ಟ್ರೇ ಮೊಟ್ಟೆ ಮಾರಿ ಮನೆ ನಡೆಸುವವನ ಹೊಟ್ಟೆಯ ಮೇಲೆ ಹೊಡೆದರು. ವ್ಯಾಪಾರಿಗಳು ಹೈಕೋರ್ಟಿಗೆ ಹೋದಾಗ, ಜನ ಏನು ತಿನ್ನಬೇಕೆಂದು ತೀರ್ಮಾನಿಸಲು ನೀವು ಯಾರು ಎಂಬರ್ಥದಲ್ಲಿ ನ್ಯಾಯಮೂರ್ತಿ ಬಿರೇನ್ ವೈಷ್ಣವ್ ಡಿಸೆಂಬರ್ 9ರಂದು ಪಾಲಿಕೆಯನ್ನು ತರಾಟೆಗೆ ತೆಗೆದುಕೊಂಡರು. ಸರಿಯಾಗಿಯೇ ಮಾಡಿದರು.

ನನ್ನ ಪ್ರಶ್ನೆ ಒಂದೇ. ಬೇಯಿಸಿದ ಮೊಟ್ಟೆಯಿಂದ ಮಗುವನ್ನು ಕಾಪಾಡಲು 100 ಮೀಟರ್ ಅಳೆದ ಟೇಪು, ಶಾಲೆಯ ಗೇಟಿನೆದುರಿನ ಹೋರ್ಡಿಂಗ್ ಬಂದಾಗ ಎಲ್ಲಿ ಹೋಯಿತು? ಮೊಟ್ಟೆ ಗಾಡಿಯವನು ಪಾಲಿಕೆಗೆ ಲಕ್ಷಗಟ್ಟಲೆ ಕಟ್ಟುವುದಿಲ್ಲ, ಹೋರ್ಡಿಂಗ್ ಗುತ್ತಿಗೆದಾರ ಕಟ್ಟುತ್ತಾನೆ. ನನಗೆ ಕಾಣುವ ಉತ್ತರ ಇಷ್ಟೇ. ಬೇರೆ ಉತ್ತರ ಇದ್ದರೆ ಆಯುಕ್ತರು ಕೊಡಲಿ.

ಹೋರ್ಡಿಂಗ್ ಇಳಿಸಲು ಇವರಿಗೆ ಬರುವುದೇ ಇಲ್ಲವೆಂದೂ ಅಲ್ಲ. 2017ರ ಸೆಪ್ಟೆಂಬರಿನಲ್ಲಿ ನವರಾತ್ರಿಗೆ ಮುನ್ನ ಮ್ಯಾನ್‌ಫೋರ್ಸ್ ಕಾಂಡೋಮಿನ ಹೋರ್ಡಿಂಗ್‌ಗಳು ಗುಜರಾತಿನ ನಗರಗಳಲ್ಲಿ ಎದ್ದವು. ಸನ್ನಿ ಲಿಯೋನ್ ಚಿತ್ರ, ದಾಂಡಿಯಾ ಕೋಲು, ನವರಾತ್ರಿಯ ಆಟವನ್ನು ಇನ್ನೊಂದು ಆಟಕ್ಕೆ ತಿರುಗಿಸಿದ ಗುಜರಾತಿ ಸಾಲು. ಸೂರತ್‌ನಲ್ಲಿ ಪ್ರತಿಭಟನೆಯಾಯಿತು. ವರ್ತಕರ ಒಕ್ಕೂಟ ಸಿಎಐಟಿ ಕೇಂದ್ರ ಸಚಿವ ರಾಮ್ ವಿಲಾಸ್ ಪಾಸ್ವಾನ್ ಅವರಿಗೆ ಪತ್ರ ಬರೆಯಿತು. ನೋಡನೋಡುತ್ತಿದ್ದಂತೆ ಹೋರ್ಡಿಂಗ್‌ಗಳು ಇಳಿದವು. ಹಬ್ಬಕ್ಕೆ ಅವಮಾನ ಎಂದಾಗ ಇಳಿಸಿದರು. ಒಳ್ಳೆಯದೇ ಆಯಿತು, ಗರ್ಬಾ ಆಡಲು ಹೋಗುವ ಹುಡುಗಿಯರನ್ನು ಅದು ಅವಮಾನಿಸುತ್ತಿತ್ತು. ಆದರೆ ದಾಂಡಿಯಾ ಕೋಲು, ಹಬ್ಬದ ಹೆಸರು ಇಲ್ಲದ ಅಂಥದೇ ಚಿತ್ರಗಳು ವರ್ಷದ ಉಳಿದ ದಿನಗಳಲ್ಲಿ ಮಕ್ಕಳ ತಲೆಯ ಮೇಲೆ ಇದ್ದಾಗ ಯಾವ ಮೆರವಣಿಗೆಯೂ ಹೊರಡಲಿಲ್ಲ. ಹಬ್ಬಕ್ಕಿರುವ ಮಾನ ಮಗುವಿಗೆ ಇಲ್ಲ.

ಕೂಗಾಡುವ ಗುಂಪು ಇದ್ದವರ ಅಹವಾಲಿಗೆ ಮಾತ್ರ ಈ ದೇಶದಲ್ಲಿ ಕಿವಿ. 2011ರ ಜನಗಣತಿಯಂತೆ ಗುಜರಾತಿನ ಜನಸಂಖ್ಯೆಯಲ್ಲಿ ಕ್ರೈಸ್ತರು ಶೇಕಡಾ 0.5ರಷ್ಟು ಮಾತ್ರ. ನಾವು ಬಂದ್ ಮಾಡಿಸಲಾರೆವು, ಮಾಡಿಸುವ ಆಸೆಯೂ ಇಲ್ಲ. 1998ರ ಕ್ರಿಸ್ಮಸ್‌ಗೆ ಡಾಂಗ್ ಜಿಲ್ಲೆಯಲ್ಲಿ ಪ್ರಾರ್ಥನಾ ಮಂದಿರಗಳಿಗೆ ಬೆಂಕಿ ಬಿದ್ದದ್ದು, 2008ರ ಸೆಪ್ಟೆಂಬರಿನಲ್ಲಿ ಮಂಗಳೂರಿನ ಚರ್ಚುಗಳ ಮೇಲೆ ದಾಳಿಯಾದದ್ದು ನಮಗೆ ಮರೆತಿಲ್ಲ. 2009ರ ಜನವರಿಯಲ್ಲಿ ಮಂಗಳೂರಿನ ಪಬ್ಬಿನಿಂದ ಹೆಣ್ಣುಮಕ್ಕಳನ್ನು ಅಟ್ಟಾಡಿಸಿ ಹೊಡೆದವರೂ ಸಂಸ್ಕೃತಿಯ ಹೆಸರನ್ನೇ ಹೇಳಿದರು. ಅಂಥವರು ನಮ್ಮ ಪರ ನಿಲ್ಲುವುದು ಬೇಡ. ಹೋರ್ಡಿಂಗಿಗೆ ಕಲ್ಲು ಹೊಡೆಯುವ ಕೈ ನಾಳೆ ಚರ್ಚಿನ ಕಿಟಕಿಗೂ ಹೊಡೆಯುತ್ತದೆ. ಒಬ್ಬ ತಾಯಿ ಬರೆದ ಕಾಗದಕ್ಕೆ ವಾರ್ಡ್ ಕಚೇರಿಯಿಂದ ಲಿಖಿತ ಉತ್ತರ ಬರಬೇಕು. ನಾವು ಕೇಳುತ್ತಿರುವುದು ಅಷ್ಟು.

ಕಾಂಡೋಮ್ ಕಂಡರೆ ಕ್ರೈಸ್ತರಿಗೆ ಆಗುವುದಿಲ್ಲ ಎಂದು ವಾದವನ್ನು ತಿರುಚುವವರಿದ್ದಾರೆ. 1968ರಲ್ಲಿ ಸರ್ಕಾರ ನಿರೋಧ್ ತಂದಿತು. ಕೆಂಪು ತ್ರಿಕೋನವನ್ನು ಹಳ್ಳಿಹಳ್ಳಿಯ ಗೋಡೆಯ ಮೇಲೆ ಬರೆಸಿತು. ಒಬ್ಬ ಹೆಣ್ಣಿನ ಬಟ್ಟೆ ಬಿಚ್ಚಿಸದೆ ದೇಶಕ್ಕೆಲ್ಲ ವಿಷಯ ತಿಳಿಸಿತು. ತಿಳಿವಳಿಕೆ ಬೇಡ ಎಂದವರು ನಾವಲ್ಲ. 2007ರಲ್ಲಿ ಶಾಲೆಗಳಲ್ಲಿ ಹದಿಹರೆಯದವರಿಗೆ ಕೊಡಬೇಕಿದ್ದ ಲೈಂಗಿಕ ಶಿಕ್ಷಣವನ್ನು ನಿಲ್ಲಿಸಿದ ರಾಜ್ಯಗಳಲ್ಲಿ ಗುಜರಾತ್ ಇತ್ತು, ನಮ್ಮ ಕರ್ನಾಟಕವೂ ಇತ್ತು. ಟೀಚರ್ ಮುಂದೆ ನಿಂತು ಮರ್ಯಾದೆಯಿಂದ ಹೇಳಬಹುದಾದ ಪಾಠಕ್ಕೆ ಬಾಗಿಲು ಮುಚ್ಚಿ, ಅದೇ ಪಾಠವನ್ನು ಜಾಹೀರಾತು ಕಂಪನಿ ತನಗೆ ಬೇಕಾದ ಹಾಗೆ ಮಾಡಲಿ ಎಂದು ರಸ್ತೆ ಬಿಟ್ಟುಕೊಟ್ಟರು. ಇದಕ್ಕಿಂತ ದೊಡ್ಡ ದ್ರೋಹ ಮಕ್ಕಳಿಗೆ ಯಾವುದು?

ಸೂರತ್‌ನ ರಿಂಗ್ ರೋಡಿನ ಜವಳಿ ಮಾರುಕಟ್ಟೆಗೆ ಒಮ್ಮೆ ಹೋಗಿ ಬನ್ನಿ. ಕಟ್ಟಡಕ್ಕೆ ಕಟ್ಟಡವೇ ಸೀರೆಯ ಫ್ಲೆಕ್ಸ್ ಹೊದ್ದು ನಿಂತಿರುತ್ತದೆ. ನೆರಿಗೆ, ಸೆರಗು, ಜರಿಯ ಅಂಚು, ಕೈತುಂಬ ಬಳೆ. ಆ ಹೆಂಗಸರು ಕಣ್ಣಿಗೆ ಕಣ್ಣಿಟ್ಟು ನೋಡುತ್ತಾರೆ, ಅವರ ಮುಂದೆ ಮಕ್ಕಳನ್ನು ನಿಲ್ಲಿಸಲು ಯಾವ ತಂದೆಯೂ ಅಳುಕಬೇಕಿಲ್ಲ. ಅಲ್ಲಿ ವ್ಯಾಪಾರವೇನೂ ನಿಂತಿಲ್ಲ. ಸಿಮೆಂಟು, ಟೈಲ್ಸು, ಬೈಕು ಮಾರಲು ಹೆಣ್ಣಿನ ಬರಿ ಬೆನ್ನು ಬೇಕು ಎನ್ನುವವರು ಇವರನ್ನು ನೋಡಿ ಕಲಿಯಲಿ.

ಟಿವಿಗಾದರೆ ಕೇಳುವವರಿದ್ದಾರೆ. 2017ರ ಡಿಸೆಂಬರಿನಲ್ಲಿ ವಾರ್ತಾ ಮತ್ತು ಪ್ರಸಾರ ಸಚಿವಾಲಯ ಕಾಂಡೋಮ್ ಜಾಹೀರಾತುಗಳನ್ನು ರಾತ್ರಿ 10ರಿಂದ ಬೆಳಿಗ್ಗೆ 6ರ ನಡುವೆ ಮಾತ್ರ ತೋರಿಸಿ ಎಂದಿತು. ಅಶ್ಲೀಲವಲ್ಲದ ಜಾಹೀರಾತಿಗೆ ಈ ನಿರ್ಬಂಧ ಇಲ್ಲ ಎಂದು ಅದೇ ತಿಂಗಳು ಸ್ಪಷ್ಟಪಡಿಸಿತು. 2022ರ ಜೂನ್‌ನಲ್ಲಿ ಸಾಮೂಹಿಕ ಅತ್ಯಾಚಾರವನ್ನೇ ತಮಾಷೆ ಮಾಡಿದ ಲೇಯರ್ ಶಾಟ್ ಜಾಹೀರಾತನ್ನು ತೆಗೆಸಿತು. ಬೀದಿಯ ಹೋರ್ಡಿಂಗಿಗೆ ಹಗಲು ರಾತ್ರಿಯ ಭೇದವಿಲ್ಲ. ಬೆಳಿಗ್ಗೆ ಏಳಕ್ಕೆ ಶಾಲೆಯ ರಿಕ್ಷಾ ಹೊರಡುವಾಗ, ಸಂಜೆ ಟ್ಯೂಷನ್ ಮುಗಿಸಿ ಬರುವಾಗ, ಅದು ಅಲ್ಲೇ ಇರುತ್ತದೆ. ಇದಕ್ಕೆಂದೇ ಇರುವ ಮಹಿಳೆಯರ ಅಸಭ್ಯ ಚಿತ್ರಣ ನಿಷೇಧ ಕಾಯ್ದೆ 1986ರದು. ಮೊದಲ ಅಪರಾಧಕ್ಕೆ ಅದು ವಿಧಿಸುವ ದಂಡ ಹೆಚ್ಚೆಂದರೆ 2000 ರೂಪಾಯಿ! ಒಂದು ಹೋರ್ಡಿಂಗಿನ ಫ್ಲೆಕ್ಸ್ ಮುದ್ರಿಸಲೂ ಆ ಹಣ ಸಾಲದು. ಕಾಯ್ದೆಗೆ ಹಲ್ಲು ಕೊಡಲು 2012ರಲ್ಲಿ ರಾಜ್ಯಸಭೆಗೆ ತಂದ ತಿದ್ದುಪಡಿ ಮಸೂದೆಯನ್ನು 2021ರಲ್ಲಿ ಹಿಂದಕ್ಕೆ ಪಡೆದರು.

ಮಡಿವಂತರು ಎಂದು ನಮ್ಮನ್ನು ಮೂದಲಿಸುವವರು ಬ್ರಿಟನ್ನಿನ ಕಡೆಗೂ ಒಮ್ಮೆ ನೋಡಲಿ. ಅಲ್ಲಿ ಮಕ್ಕಳ ಬಾಲ್ಯವನ್ನು ಮಾರುಕಟ್ಟೆ ನುಂಗುತ್ತಿದೆಯೆ ಎಂದು ಪರಿಶೀಲಿಸಲು ಸರ್ಕಾರ ನೇಮಿಸಿದ್ದು ರೆಗ್ ಬೈಲಿ ಅವರನ್ನು. ಆಗ ಅವರು ಮದರ್ಸ್ ಯೂನಿಯನ್‌ನ ಮುಖ್ಯಸ್ಥರು. ಅದು 1876ರಲ್ಲಿ ಮೇರಿ ಸಮ್ನರ್ ಶುರುಮಾಡಿದ ಆಂಗ್ಲಿಕನ್ ತಾಯಂದಿರ ಸಂಘ. ಚರ್ಚಿನವರ ಮಾತು ಎಂದು ಅಲ್ಲಿ ಯಾರೂ ಅದನ್ನು ಕಸದ ಬುಟ್ಟಿಗೆ ಹಾಕಲಿಲ್ಲ. 2011ರ ಜೂನ್‌ನಲ್ಲಿ ವರದಿ ಬಂತು, ಅಕ್ಟೋಬರ್ ಹೊತ್ತಿಗೆ ಜಾಹೀರಾತು ನಿಯಂತ್ರಣ ಸಂಸ್ಥೆ ಬೀದಿ ಜಾಹೀರಾತಿನ ನಿಯಮ ಬಿಗಿಗೊಳಿಸಿತು. ಕಾಮಪ್ರಚೋದಕ ಎನಿಸುವ ಚಿತ್ರವನ್ನು ಶಾಲೆಯ ಹತ್ತಿರ ಹಾಕಕೂಡದು. ಎಷ್ಟು ದೂರ? 100 ಮೀಟರ್. ಅಹಮದಾಬಾದ್ ಮೊಟ್ಟೆಗೆ ಅಳೆದ ಅದೇ 100 ಮೀಟರ್.

ನಮ್ಮ ಸಭೆಯ ಹಿರಿಯರ ಮೇಲೂ ನನಗೆ ಸಿಟ್ಟಿದೆ. ಮಕ್ಕಳನ್ನು ಎಡವಿಸುವವರ ಬಗ್ಗೆ ಯೇಸು ಆಡಿದ ಬೀಸುವ ಕಲ್ಲಿನ ಮಾತನ್ನು ಪೀಠದಿಂದ ಪ್ರಸಂಗ ಮಾಡುತ್ತಾರೆ. ಹೊರಗೆ ಬಂದ ಮೇಲೆ, ನಾವು ಅಲ್ಪಸಂಖ್ಯಾತರು, ಸುಮ್ಮನೆ ಇದ್ದುಬಿಡೋಣ ಎನ್ನುತ್ತಾರೆ. ಮಕ್ಕಳ ಕಣ್ಣಿಗೆ ಅಂಗೈ ಅಡ್ಡ ಹಿಡಿದು ಎಷ್ಟು ಚೌಕ ದಾಟುವುದು? ಈ ದೂರು ನಮ್ಮ ಮಕ್ಕಳದು ಮಾತ್ರವೂ ಅಲ್ಲ. ಪಕ್ಕದ ಮನೆಯ ಪಟೇಲರ ಮೊಮ್ಮಗಳು, ಎದುರು ಓಣಿಯ ವೋಹ್ರಾ ಹುಡುಗ, ನಮ್ಮ ಮಗಳು ಹೋಗುವುದು ಒಂದೇ ರಿಕ್ಷಾದಲ್ಲಿ.

ಹೊಸ ಕಾನೂನೇನೂ ಬೇಕಾಗಿಲ್ಲ. 1949ರ ಪ್ರಾಂತೀಯ ಮಹಾನಗರಪಾಲಿಕೆ ಕಾಯ್ದೆಯ 244, 245ನೇ ಕಲಮುಗಳ ಪ್ರಕಾರ ಆಯುಕ್ತರ ಲಿಖಿತ ಅನುಮತಿ ಇಲ್ಲದೆ ಹೋರ್ಡಿಂಗ್ ಏಳುವಂತಿಲ್ಲ. ಸಹಿ ಅವರದು, ಷರತ್ತು ಹಾಕುವ ಅಧಿಕಾರವೂ ಅವರದು. ಅಹಮದಾಬಾದ್, ವಡೋದರ, ಸೂರತ್ ಪಾಲಿಕೆಗಳು ಮುಂದಿನ ಹೋರ್ಡಿಂಗ್ ಟೆಂಡರಿನಲ್ಲಿ ಒಂದು ಸಾಲು ಸೇರಿಸಲಿ: ಶಾಲೆ, ಅಂಗನವಾಡಿ, ಮಕ್ಕಳ ಆಟದ ಮೈದಾನದಿಂದ 100 ಮೀಟರ್ ಒಳಗೆ ಅಂಥ ಚಿತ್ರ ಹಾಕಿದ ಗುತ್ತಿಗೆದಾರನ ಪರವಾನಗಿ ರದ್ದು. ಆ ಸಾಲು ಟೆಂಡರಿನಲ್ಲಿ ಬರುವವರೆಗೂ ನಾವು ವಾರ್ಡ್ ಕಚೇರಿಗೆ ಕಾಗದ ಬರೆಯುತ್ತೇವೆ, ಪ್ರತಿ ಕಾಗದಕ್ಕೂ ಮೊಹರು ಹಾಕಿದ ಸ್ವೀಕೃತಿ ಕೇಳಿ ಪಡೆಯುತ್ತೇವೆ.