ಅಳೆದು ನೋಡದೆ ಯಂತ್ರವನ್ನು ದೂರುವುದೇಕೆ?

ಪ್ರೋಗ್ರಾಮೊಂದು ನಿಧಾನವಾಗಿ ಓಡಿದರೆ, ಅಥವಾ ಕಂಪ್ಯೂಟರಿನ ಮೆಮೊರಿಯನ್ನೆಲ್ಲ ನುಂಗಿ ಕುಳಿತರೆ, ನಮ್ಮ ಕಾಲೇಜುಗಳಲ್ಲಿ ಮೊದಲು ಕೇಳಿಬರುವ ಮಾತು ಒಂದೇ: “ಯಂತ್ರ ಹಳೆಯದಾಯಿತು, ಹೊಸದಕ್ಕೆ ಅರ್ಜಿ ಹಾಕೋಣ.” ಉಷ್ಣತೆಯನ್ನು ಅಂಗೈಯಿಂದ ಮುಟ್ಟಿ ಹೇಳುವ ವಿದ್ಯಾರ್ಥಿಯನ್ನು ಗದರಿಸುವ ನಾವೇ ಕಂಪ್ಯೂಟರಿನ ಮುಂದೆ ಕುಳಿತೊಡನೆ ಊಹೆಯನ್ನು ಅಳತೆಯೆಂದು ನಂಬಿಬಿಡುತ್ತೇವೆ. ಇದು ಸಲ್ಲದೆಂಬುದು ನಮ್ಮ ಅಭಿಪ್ರಾಯ.

ಕಳೆದ ವರ್ಷ ನಮ್ಮ ಪದವಿ ತರಗತಿಯವರು ವಿಕಿರಣಶೀಲ ವಸ್ತುವಿನ ಕ್ಷಯವನ್ನು ಅನುಕರಿಸುವ ಪ್ರೋಗ್ರಾಮೊಂದನ್ನು ಹ್ಯಾಸ್ಕೆಲ್ ಭಾಷೆಯಲ್ಲಿ ಬರೆದರು. (ಅಮೆರಿಕದ ತರ್ಕಶಾಸ್ತ್ರಜ್ಞ ಹ್ಯಾಸ್ಕೆಲ್ ಕರ್ರಿಯವರ ಹೆಸರನ್ನು ಹೊತ್ತಿರುವ ಈ ಭಾಷೆಯ ಮೊದಲ ವಿವರಣೆ ಹೊರಬಂದದ್ದು 1990ರಲ್ಲಿ.) ಒಂದು ಸೆಕೆಂಡಿನಲ್ಲಿ ಎಷ್ಟು ಕಣಗಳು ಹೊಮ್ಮಿದವೆಂಬ ಸಂಖ್ಯೆಯನ್ನು ಯಾದೃಚ್ಛಿಕವಾಗಿ 10 ಕೋಟಿ ಸಲ ಸೃಷ್ಟಿಸಿ, ಯಾವ ಸಂಖ್ಯೆ ಎಷ್ಟು ಬಾರಿ ಬಂದಿತೆಂದು ಪಟ್ಟಿಮಾಡಿ, ಪ್ವಾಸೋನ್ ವಿತರಣೆಯೊಡನೆ ಹೋಲಿಸುವುದು ಉದ್ದೇಶ. ಅಂತಹ ಪಟ್ಟಿಯಲ್ಲಿ ಮೂವತ್ತು ನಲವತ್ತು ಸಾಲುಗಳಿಗಿಂತ ಹೆಚ್ಚಿರಲು ಕಾರಣವಿಲ್ಲ. ಆದರೂ ಮೆಮೊರಿ ತುಂಬಿ ಪ್ರೋಗ್ರಾಮು ನಡುವೆಯೇ ನಿಂತುಹೋಯಿತು. ಯಾದೃಚ್ಛಿಕ ಸಂಖ್ಯೆಗಳನ್ನು ಒದಗಿಸುವ ಭಾಗವೇ ಅಪರಾಧಿಯೆಂದು ವಿದ್ಯಾರ್ಥಿಗಳು ತೀರ್ಪಿತ್ತರು. ನಾವೂ ಹಾಗೆಯೇ ತಿಳಿದಿದ್ದೆವೆಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು.

ಅಳೆಯುವ ಉಪಾಯವೊಂದುಂಟು; ಅದಕ್ಕೆ ಪ್ರೊಫೈಲಿಂಗ್ ಎಂದು ಹೆಸರು. ಮೂಲಪಾಠವನ್ನು ಯಂತ್ರಭಾಷೆಗೆ ತಿರುಗಿಸುವಾಗಲೇ ಹೀಗೆ ಬೇಕೆಂದು ತಿಳಿಸಿದರೆ, ಗ್ಲಾಸ್ಗೊ ವಿಶ್ವವಿದ್ಯಾನಿಲಯದಲ್ಲಿ ಹುಟ್ಟಿದ ಹ್ಯಾಸ್ಕೆಲ್ ಕಂಪೈಲರು ಪ್ರೋಗ್ರಾಮಿನೊಳಗೆ ಅಲ್ಲಲ್ಲಿ ‘ವೆಚ್ಚಕೇಂದ್ರ’ಗಳೆಂಬ ಗುರುತುಗಳನ್ನು ನೆಡುತ್ತದೆ. ಪ್ರೋಗ್ರಾಮು ಓಡಿದಂತೆಲ್ಲ ಕಾಲವೂ ಮೆಮೊರಿಯೂ ಯಾವ ಗುರುತಿನ ಖಾತೆಗೆ ಸೇರಿತೆಂಬುದು ಬರೆದಿಡಲ್ಪಡುತ್ತದೆ. ಸ್ಯಾನ್ಸಮ್ ಮತ್ತು ಪೇಟನ್ ಜೋನ್ಸ್ ಎಂಬವರು 1990ರ ದಶಕದಲ್ಲಿ ರೂಪಿಸಿದ ವಿಧಾನವಿದು. ತೊಡಕೂ ಇದೆ: ನಮ್ಮ ಪ್ರೋಗ್ರಾಮು ಮಾತ್ರವಲ್ಲದೆ, ಅದು ಆಶ್ರಯಿಸಿರುವ ಲೈಬ್ರರಿಗಳೆಲ್ಲವೂ ಪ್ರೊಫೈಲಿಂಗಿಗೆ ಒದಗುವಂತೆ ಕಂಪೈಲಾಗಿರಬೇಕು. ಅವುಗಳ ಮೂಲಪಾಠವನ್ನು ತರಿಸಿ ಒಂದೊಂದನ್ನೇ ಮತ್ತೆ ಕಟ್ಟಿ ಮುಗಿಸುವ ಹೊತ್ತಿಗೆ ನಮಗೆ ಎರಡು ಲೋಟ ಕಾಫಿ ಆಗಿತ್ತು. ಮೂಲಪಾಠವನ್ನು ಮುಚ್ಚಿಟ್ಟು ಮಾರುವ ಲೈಬ್ರರಿಗಳಾಗಿದ್ದರೆ ಇಷ್ಟೂ ಸಾಧ್ಯವಾಗುತ್ತಿರಲಿಲ್ಲ.

ಸಂಖ್ಯೆಯನ್ನು 10 ಲಕ್ಷಕ್ಕೆ ಇಳಿಸಿ ಓಡಿಸಿ ನೋಡಿದೆವು. ನಾವು ದೂರಿದ ಭಾಗ ನಿರಪರಾಧಿ! ಮೆಮೊರಿಯ ನಕ್ಷೆಯಲ್ಲಿ ಗುಡ್ಡದಂತೆ ಏರುತ್ತಿದ್ದುದೆಲ್ಲ ಆ ಚಿಕ್ಕ ಪಟ್ಟಿಯನ್ನು ಬೆಳೆಸುವ ಭಾಗದ ಹೆಸರಿನಲ್ಲಿತ್ತು. ಇದು ಹೇಗೆ? ಹ್ಯಾಸ್ಕೆಲ್ ಯಾವ ಲೆಕ್ಕವನ್ನೂ ಅಗತ್ಯ ಬೀಳುವವರೆಗೆ ಮಾಡುವುದಿಲ್ಲ. ನಮ್ಮೂರಿನ ಶೆಟ್ಟರ ಅಂಗಡಿಯಲ್ಲಿ ಸಾಲ ಕೊಂಡಾಗಲೆಲ್ಲ ಮೊತ್ತವನ್ನು ಕೂಡಿ ಬರೆಯದೆ ಚೀಟಿಯೊಂದನ್ನು ಕಡ್ಡಿಗೆ ಚುಚ್ಚಿಡುತ್ತಿದ್ದರು. ತಿಂಗಳ ಕೊನೆಗೆ ಗಿರಾಕಿ ಒಬ್ಬನೇ, ಚೀಟಿಗಳು ರಾಶಿ. ನಮ್ಮ ಪಟ್ಟಿಯ ಪ್ರತಿ ಸಾಲಿನಲ್ಲಿಯೂ ಸಂಖ್ಯೆಯ ಬದಲು ‘ಒಂದು ಕೂಡಬೇಕು’ ಎಂಬ ಚೀಟಿಗಳು ಲಕ್ಷಗಟ್ಟಲೆ ಜಮೆಯಾಗಿದ್ದುವು. ಕೂಡಲೇ ಕೂಡಿಬಿಡುವ ಪಟ್ಟಿಯೂ ಅದೇ ಲೈಬ್ರರಿಯಲ್ಲಿದೆ. ಮೂಲಪಾಠದ ಮೊದಲಿಗೆ ‘ಸ್ಟ್ರಿಕ್ಟ್’ ಎಂಬ ಒಂದು ಪದವನ್ನು ಸೇರಿಸಿದುದೇ ತಡ, ಗುಡ್ಡ ಕರಗಿ ನಕ್ಷೆ ಬಯಲಾಯಿತು. 10 ಕೋಟಿಯ ಲೆಕ್ಕವನ್ನು ಹಳೆಯ ಯಂತ್ರವೇ ಮುಗಿಸಿತು.

ಅಳೆಯುವ ಉಪಕರಣ ಅಳೆಯಲ್ಪಡುವುದನ್ನು ಕದಲಿಸುತ್ತದೆಂಬುದನ್ನು ಭೌತವಿಜ್ಞಾನದವರಿಗೆ ಹೇಳಬೇಕಾಗಿಲ್ಲ. ಓಲ್ಟ್‌ಮೀಟರು ತಾನೂ ಕೊಂಚ ವಿದ್ಯುತ್ತನ್ನು ಎಳೆದುಕೊಳ್ಳುವಂತೆ ಈ ಗುರುತುಗಳೂ ಕಂಪೈಲರು ಮಾಡುವ ಸುಧಾರಣೆಗಳಿಗೆ ಅಡ್ಡಬರುತ್ತವೆ. ಸುಧಾರಣೆಗಳು ಬಹುಪಾಲು ಮುಗಿದ ಬಳಿಕ ಗುರುತು ನೆಡುವ ಕ್ರಮವೊಂದು ಕಂಪೈಲರಿನ 9.4ನೆಯ ಆವೃತ್ತಿಯಿಂದ ದೊರೆಯುತ್ತಿದೆ. ಆದರೂ ಕೊನೆಯ ಕಾಲಗಣನೆಯನ್ನು ಗುರುತುಗಳಿಲ್ಲದ ಸಾಮಾನ್ಯ ರೂಪದಲ್ಲಿಯೇ ಮಾಡತಕ್ಕದ್ದು.

ಅನುಭವಿಗಳ ಊಹೆ ಸಾಲದೆ, ಇಷ್ಟೆಲ್ಲ ಏಕೆ ಎಂದು ಮಿತ್ರರೊಬ್ಬರು ಕೇಳಿದರು. ಡೊನಾಲ್ಡ್ ಕ್ನೂತ್ ಅವರು 1971ರಲ್ಲಿಯೇ ಫೋರ್ಟ್ರಾನ್ ಪ್ರೋಗ್ರಾಮುಗಳನ್ನು ಪರೀಕ್ಷಿಸಿ, ಸಾಮಾನ್ಯವಾಗಿ ಪ್ರೋಗ್ರಾಮಿನ ಶೇಕಡ 4ಕ್ಕಿಂತ ಕಡಿಮೆ ಭಾಗವೇ ಅರ್ಧಕ್ಕಿಂತ ಹೆಚ್ಚು ಕಾಲವನ್ನು ತಿನ್ನುತ್ತದೆಂದು ತೋರಿಸಿದರು. ಬರೆದ ಕ್ರಮದಲ್ಲಿಯೇ ಲೆಕ್ಕ ನಡೆಯುವ ಆ ಭಾಷೆಯ ಪಾಡೇ ಹೀಗಿದ್ದರೆ, ಲೆಕ್ಕ ಯಾವಾಗ ನಡೆಯುವುದೆಂಬುದೇ ಕಣ್ಣಿಗೆ ಕಾಣದ ಹ್ಯಾಸ್ಕೆಲ್‌ನಲ್ಲಿ ಊಹೆಗೆ ಬೆಲೆಯೆಷ್ಟು? ಪಾಠಪಟ್ಟಿಯಲ್ಲಿ ಇದಕ್ಕೆ ಸ್ಥಳವಿಲ್ಲವೆಂಬುದು ಅವರ ಎರಡನೆಯ ಆಕ್ಷೇಪ. ಪ್ರಯೋಗದ ಎರಡು ಗಂಟೆಗಳು ಇದಕ್ಕೆ ಸಾಕು. ಈ ವರ್ಷದಿಂದ ನಾವು ಪ್ರೊಫೈಲಿಂಗಿನ ವರದಿಯನ್ನೂ ರೆಕಾರ್ಡ್ ಪುಸ್ತಕದಲ್ಲಿ ಅಂಟಿಸಲು ಹೇಳಿದ್ದೇವೆ. ವರದಿಯನ್ನು ನೋಡುವ ಮೊದಲು ವಿದ್ಯಾರ್ಥಿ ತನ್ನ ಊಹೆಯನ್ನು ಪಕ್ಕದಲ್ಲಿ ಶಾಯಿಯಿಂದ ಬರೆದಿರಬೇಕು.